ಛತ್ರದ ಪಾತ್ರೆ, ಮನೆಯ ಪಾತ್ರೆ: ಲಿನಕ್ಸಿನಲ್ಲಿ ಕೂತು ವಿಂಡೋಸ್ ಪ್ರೋಗ್ರಾಮ್ ಕಟ್ಟಿದ ಕಥೆ

(ಬಸವನಗುಡಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ, ಪ್ರೋಗ್ರಾಮಿಂಗ್ ಬಗ್ಗೆ ಕನ್ನಡದಲ್ಲೇ ಮಾತಾಡೋಣ ಅಂತ ಸೇರಿದ್ದ ಗೆಳೆಯರ ಮುಂದೆ ಆಡಿದ ಮಾತಿನ ಬರಹ ರೂಪ. ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಒಂದು ಫೋನ್ ಕರೆಯಿಂದ ಶುರು ಮಾಡುತ್ತೇನೆ.

"ಸಾರ್, ನೀವು ಕೊಟ್ಟಿರೋದು ಓಪನ್ನೇ ಆಗ್ತಿಲ್ಲ. ಯಾವುದೋ ಡಿಎಲ್‌ಎಲ್ ಇಲ್ಲ ಅಂತ ಬರ್ತಿದೆ."

ಡಿಎಲ್‌ಎಲ್ ಅಂದರೆ ಹಲವು ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಕೋಡಿನ ಫೈಲ್. ಕರೆ ಮಾಡಿದವರು ಚಾಮರಾಜಪೇಟೆಯ ಒಂದು ಡಿಟಿಪಿ ಅಂಗಡಿಯ ಆಪರೇಟರ್ ಮೇಡಂ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಸಂಘಗಳ ವಾರ್ಷಿಕ ವರದಿ, ಇವು ಅವರ ಕೆಲಸ. ಹಳೆಯ ಫೈಲುಗಳೆಲ್ಲ ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಪದ್ಧತಿ) ಬರುವ ಮುಂಚಿನ ಕನ್ನಡ ಫಾಂಟುಗಳಲ್ಲಿವೆ. ಈಗಿನ ಗಿರಾಕಿಗಳು ಅದನ್ನೇ ವಾಟ್ಸಾಪಿನಲ್ಲಿ ಕಳಿಸಿ ಅನ್ನುತ್ತಾರೆ. ಕಳಿಸಿದರೆ ಆ ಕಡೆ ಕಾಣುವುದು ಬರೀ ಗೋಜಲು. ನೂರಾರು ಫೈಲುಗಳನ್ನು ಒಂದೊಂದಾಗಿ ಯಾವುದೋ ಪುಟಕ್ಕೆ ಅಂಟಿಸಿ ತೆಗೆಯುವುದು ಆಗದ ಮಾತು. ಅದಕ್ಕೇ ನಾನು ಸಿ ಭಾಷೆಯಲ್ಲಿ ಒಂದು ಸಣ್ಣ ಕನ್ವರ್ಟರ್ ಬರೆದುಕೊಟ್ಟಿದ್ದೆ. ಫೈಲನ್ನು ಎಳೆದು ತಂದು ಐಕಾನ್ ಮೇಲೆ ಬಿಟ್ಟರೆ ಸಾಕು, ಪಕ್ಕದಲ್ಲೇ ಯೂನಿಕೋಡ್ ಫೈಲ್ ಬರಬೇಕು.

ಕನ್ವರ್ಟರ್ ಏನು ಮಾಡುತ್ತದೆ ಅಂತ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಆ ಹಳೆಯ ಫೈಲುಗಳಲ್ಲಿ ಕನ್ನಡವೇ ಇಲ್ಲ. ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಖ್ಯೆಗಳು. ಫಾಂಟು ಅವಕ್ಕೆ ಕನ್ನಡದ ತುಂಡುಗಳ ಚಿತ್ರ ತೊಡಿಸುತ್ತದೆ ಅಷ್ಟೆ. 'ಸೂರ್ಯ' ಎಂಬ ಪದದಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಹಾಗೆ ಯ ಆದಮೇಲೆ ಬರುತ್ತದೆ. ಯೂನಿಕೋಡಿನಲ್ಲಿ ಮೊದಲು ರ, ಆಮೇಲೆ ಅರ್ಧಾಕ್ಷರದ ಗುರುತು, ಆಮೇಲೆ ಯ. ಹೀಗೆ ಹಿಂದಿನದನ್ನು ಮುಂದೆ ತರುವುದೇ ಕನ್ವರ್ಟರಿನ ಅರ್ಧ ಕೆಲಸ. ಅದು ಬೇಗ ಮುಗಿಯಿತು. ತಿಂಗಳುಗಟ್ಟಲೆ ನನ್ನನ್ನು ಆಟ ಆಡಿಸಿದ್ದು ಬೇರೆ ವಿಷಯ. ನನ್ನ ಲ್ಯಾಪ್‌ಟಾಪಿನಲ್ಲಿ ಇರುವುದು ಡೆಬಿಯನ್ ಲಿನಕ್ಸ್. ಅಂಗಡಿಯಲ್ಲಿ ಇರುವುದು ವಿಂಡೋಸ್ 7, ಒಂದರಲ್ಲಿ ಮಾತ್ರ ವಿಂಡೋಸ್ 10.

ಯೂನಿಕ್ಸ್ (ಲಿನಕ್ಸಿಗೆ ಮಾದರಿಯಾದ ಹಳೆಯ ಆಪರೇಟಿಂಗ್ ಸಿಸ್ಟಂ) ಕಡೆಯ ಟೂಲುಗಳಿಂದ ವಿಂಡೋಸ್ ಪ್ರೋಗ್ರಾಮ್ ಕಟ್ಟುತ್ತೇನೆ ಅಂದರೆ ಸುಮಾರು ಜನ ಮೂಗು ಮುರಿಯುತ್ತಾರೆ. ಅದು ನಿಜವಾದ ವಿಂಡೋಸ್ ಪ್ರೋಗ್ರಾಮ್ ಅಲ್ಲ, ಒಳಗೆ ಲಿನಕ್ಸಿನ ವೇಷ ಏನೋ ಇರುತ್ತೆ ಅನ್ನುವ ನಂಬಿಕೆ. ನಿಮ್ಮಲ್ಲಿ ಎಷ್ಟು ಜನರ ವಿಂಡೋಸ್ ಮಷಿನ್‌ನಲ್ಲಿ ವಿಎಲ್‌ಸಿ ಇದೆ? ಕೈ ಎತ್ತಿ. (ಹೆಚ್ಚುಕಡಿಮೆ ಎಲ್ಲರೂ ಎತ್ತಿದರು.) ವಿಎಲ್‌ಸಿಯ ವಿಂಡೋಸ್ ಆವೃತ್ತಿಯನ್ನು ಅದರ ತಂಡದವರು ಲಿನಕ್ಸಿನಲ್ಲಿ ಕೂತು, ಇವತ್ತು ನಾನು ಹೇಳುವ ಟೂಲುಗಳಿಂದಲೇ ಕಟ್ಟುತ್ತಾರೆ. ನೀವು ಅದರಲ್ಲಿ ಸಿನಿಮಾ ನೋಡುವಾಗ ಯಾವ ವೇಷವೂ ಕಾಣಲಿಲ್ಲ, ಅಲ್ವಾ?

ವಿಂಡೋಸಿಗೆ ಕಂಪೈಲರ್ (ನಾವು ಬರೆದ ಕೋಡನ್ನು ಮಷಿನ್ ಓಡಿಸುವ ರೂಪಕ್ಕೆ ತರುವ ಟೂಲ್) ಯಾವುದು ಅನ್ನುವುದರಿಂದ ಏನೂ ಆಗಬೇಕಿಲ್ಲ. ಅದು ನೋಡುವುದು ಫೈಲಿನ ಆಕಾರವನ್ನು. ಇಎಕ್ಸ್‌ಇ, ಅಂದರೆ ವಿಂಡೋಸ್ ಪ್ರೋಗ್ರಾಮಿನ ಫೈಲ್, ಅದರ ಮೊದಲ ಎರಡು ಬೈಟ್ ಓದಿದರೆ 'ಎಂ', 'ಝಡ್' ಎಂಬ ಅಕ್ಷರಗಳು ಸಿಗುತ್ತವೆ. ಮೈಕ್ರೋಸಾಫ್ಟಿನಲ್ಲಿ ಡಾಸ್ (ವಿಂಡೋಸಿಗಿಂತ ಮುಂಚಿನ ಆಪರೇಟಿಂಗ್ ಸಿಸ್ಟಂ) ಕಾಲದಲ್ಲಿ ಕೆಲಸ ಮಾಡುತ್ತಿದ್ದ ಮಾರ್ಕ್ ಝ್ಬಿಕೋವ್‌ಸ್ಕಿ ಅವರ ಹೆಸರಿನ ಮೊದಲಕ್ಷರಗಳು ಅವು. ಅದಾದ ಮೇಲೆ 'ಈ ಪ್ರೋಗ್ರಾಮ್ ಡಾಸ್‌ನಲ್ಲಿ ಓಡುವುದಿಲ್ಲ' ಎಂಬ ಒಂದು ಹಳೆಯ ವಾಕ್ಯ ಇಂಗ್ಲಿಷಿನಲ್ಲಿ ಇನ್ನೂ ಕೂತಿದೆ. ಆಮೇಲೆ 'ಪಿಇ' ಎಂಬ ಗುರುತು, ಅದರ ಹಿಂದೆ ನಿಜವಾದ ಸರಕು. ಲಿನಕ್ಸಿನವರದು ಇಎಲ್‌ಎಫ್ ಎಂಬ ಬೇರೆ ಆಕಾರ. ಪ್ರಾಸೆಸರ್ ಒಂದೇ, ಒಳಗಿನ ಸೂಚನೆಗಳೂ ಒಂದೇ. ಬೇರೆಯಾಗುವುದು ಹೊರಗಿನ ಕಟ್ಟು, ಮತ್ತು ಒಳಗಿರುವ ಒಂದು ಪಟ್ಟಿ.

ಆ ಪಟ್ಟಿಯೇ ಇವತ್ತಿನ ಮಾತಿನ ತಿರುಳು. ಮದುವೆಗೆ ಅಡುಗೆ ಭಟ್ಟರನ್ನು ಗೊತ್ತು ಮಾಡಿದರೆ ಅವರು ಮೊದಲು ಒಂದು ಚೀಟಿ ಬರೆದುಕೊಡುತ್ತಾರೆ. ದೊಡ್ಡ ಕೊಳಗ ಎಷ್ಟು, ಒಲೆ ಎಷ್ಟು, ಬಾಣಲೆ ಎಷ್ಟು. ಛತ್ರದವರು ಅದನ್ನು ನೋಡಿ ಇದೆ, ಇಲ್ಲ ಅಂತ ಹೇಳುತ್ತಾರೆ. ಒಂದು ಬಾಣಲೆ ಇಲ್ಲದಿದ್ದರೂ ಹೋಳಿಗೆ ನಿಂತಿತು. ಇಎಕ್ಸ್‌ಇ ಒಳಗೂ ಅಂಥದ್ದೇ ಚೀಟಿ ಇದೆ. ನನಗೆ ಈ ಈ ಡಿಎಲ್‌ಎಲ್ ಬೇಕು, ಅದರಲ್ಲಿ ಈ ಈ ಫಂಕ್ಷನ್ ಬೇಕು ಅಂತ. ಡಬಲ್ ಕ್ಲಿಕ್ ಮಾಡಿದ ತಕ್ಷಣ ವಿಂಡೋಸ್ ಆ ಚೀಟಿ ಓದುತ್ತದೆ. ಒಂದು ಸಿಗದಿದ್ದರೂ ನಮ್ಮ ಕೋಡಿನ ಒಂದು ಸಾಲೂ ಓಡುವ ಮುಂಚೆಯೇ ಕೈ ಎತ್ತಿಬಿಡುತ್ತದೆ. ಮೇಡಂ ಕಂಡದ್ದು ಅದನ್ನೇ.

ಅವರು ಕಳಿಸಿದ ಫೋಟೋದಲ್ಲಿ ಇದ್ದ ಹೆಸರು 'ಎಂಎಸ್‌ವೈಎಸ್ ಹೈಫನ್ 2.0 ಡಿಎಲ್‌ಎಲ್'. ನೋಡಿದ ಕೂಡಲೇ ತಲೆ ಚಚ್ಚಿಕೊಂಡೆ. ಏಕೆ ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಯೂನಿಕ್ಸಿನಂಥದ್ದೇ ಮುಕ್ತ ಸಿಸ್ಟಂ ಕಟ್ಟುವ ಗ್ನೂ ಯೋಜನೆ ಘೋಷಿಸಿದರು. ಅದರ ಸಿ ಕಂಪೈಲರ್ ಜಿಸಿಸಿ 1987ರಲ್ಲಿ ಹೊರಬಂತು. ಒಂದು ಸಭೆಯಲ್ಲಿ ಡಿಜೆ ಡೆಲೋರಿ ಎಂಬುವರು ಎದ್ದು, ಇದನ್ನು ಡಾಸ್‌ಗೆ ತರುತ್ತೀರಾ ಅಂತ ಕೇಳಿದರಂತೆ. ಜಿಸಿಸಿ ತುಂಬಾ ದೊಡ್ಡದು, ಡಾಸ್ 16 ಬಿಟ್‌ನದು, ಆಗುವುದಿಲ್ಲ ಅಂದರಂತೆ ಸ್ಟಾಲ್‌ಮನ್. ಆಗೋದಿಲ್ಲ ಅಂದರೆ ಸಾಕು, ಮಾಡಿ ತೋರಿಸುವವರು ಹುಟ್ಟುತ್ತಾರೆ. ಡೆಲೋರಿ 1989ರಲ್ಲಿ ಜಿಸಿಸಿಯನ್ನು ಡಾಸ್‌ಗೆ ತರುವ ಡಿಜೆಜಿಪಿಪಿ ಶುರು ಮಾಡಿದರು. 1996ರ ಕ್ವೇಕ್ ಆಟವನ್ನು ಡಾಸ್‌ಗೆ ಕಟ್ಟಿದ್ದು ಇದರಲ್ಲೇ.

ವಿಂಡೋಸಿಗೆ ಬರೋಣ. ಸಿಗ್ನಸ್ ಎಂಬ ಕಂಪನಿಯಲ್ಲಿ ಸ್ಟೀವ್ ಚೇಂಬರ್ಲೇನ್ ಎಂಬ ಎಂಜಿನಿಯರ್ ಇದ್ದರು. ವಿಂಡೋಸ್ ಎನ್‌ಟಿ ಮತ್ತು 95 ಬಳಸುವ ಫೈಲ್ ಆಕಾರ ಸಿಒಎಫ್‌ಎಫ್ ಎಂಬ ಹಳೆಯ ಯೂನಿಕ್ಸ್ ಆಕಾರದಿಂದ ಬಂದದ್ದು ಎನ್ನುವುದು ಅವರ ಕಣ್ಣಿಗೆ ಬಿತ್ತು. ಗ್ನೂ ಟೂಲುಗಳಿಗೆ ಆ ಆಕಾರ ಮೊದಲೇ ಗೊತ್ತು! ಅಲ್ಲಿಂದ 1995ರಲ್ಲಿ ಸಿಗ್‌ವಿನ್ ಹುಟ್ಟಿತು. ಇದರ ದಾರಿ ಹೀಗೆ: ಯೂನಿಕ್ಸಿನ ಪ್ರೋಗ್ರಾಮುಗಳನ್ನು ಬದಲಾಯಿಸದೆ ಓಡಿಸಬೇಕು, ಅದಕ್ಕಾಗಿ ಯೂನಿಕ್ಸಿನ ಹಾಗೆ ನಟಿಸುವ ಒಂದು ದೊಡ್ಡ ಡಿಎಲ್‌ಎಲ್ ನಡುವೆ ಇರಲಿ. ಛತ್ರದ ಅಡುಗೆಮನೆ ಹಿಡಿಸದೆ, ನಮ್ಮ ಮನೆಯ ಅಡುಗೆಮನೆಯನ್ನೇ ಕಿತ್ತು ಲಾರಿಯಲ್ಲಿ ತಂದ ಹಾಗೆ. ಕೆಲಸ ನಡೆಯುತ್ತದೆ, ಭಾರ ಹೊರಬೇಕು. ಯೂನಿಕ್ಸಿನಲ್ಲಿ ಒಂದು ಪ್ರಾಸೆಸ್ ತನ್ನ ನಕಲನ್ನು ತಾನೇ ಹುಟ್ಟಿಸುವ ಫೋರ್ಕ್ ಎಂಬ ಉಪಾಯವಿದೆ. ವಿಂಡೋಸಿನ ಪ್ರೋಗ್ರಾಮುಗಳಿಗೆ ಅದು ಸಿಗುವುದಿಲ್ಲ. ಸಿಗ್‌ವಿನ್ ಹೊಸ ಪ್ರಾಸೆಸ್ ಎಬ್ಬಿಸಿ ಹಳೆಯದರ ಮೆಮೊರಿಯನ್ನು ಅದಕ್ಕೆ ಸುರಿಯುತ್ತದೆ. ಕಟ್ಟುವ ಮುಂಚೆ ಮಷಿನ್‌ನಲ್ಲಿ ಏನೇನಿದೆ ಅಂತ ನೋಡಲು ಸಾವಿರ ಸಲ ಫೋರ್ಕ್ ಮಾಡುವ ಕಾನ್ಫಿಗರ್ ಸ್ಕ್ರಿಪ್ಟನ್ನು ಅದರಲ್ಲಿ ಓಡಿಸಿ ನೋಡಿ. ಗಾಂಧಿ ಬಜಾರಿಗೆ ಹೋಗಿ ದೋಸೆ ತಿಂದು ಬರಬಹುದು.

1998ರಲ್ಲಿ ಕಾಲಿನ್ ಪೀಟರ್ಸ್ ಬೇರೆ ದಾರಿ ಹಿಡಿದರು. ಅದೇ ಮಿಂಗ್‌ಡಬ್ಲ್ಯೂ, ಅಂದರೆ ವಿಂಡೋಸಿಗೆ ಬೇಕಾದಷ್ಟೇ ಗ್ನೂ. ಯೂನಿಕ್ಸಿನ ನಟನೆ ಬೇಡ. ಕಂಪೈಲರ್ ಗ್ನೂವಿನದು, ಕಟ್ಟಿದ ಪ್ರೋಗ್ರಾಮ್ ಮಾತ್ರ ನೇರವಾಗಿ ವಿಂಡೋಸಿನ ಡಿಎಲ್‌ಎಲ್‌ಗಳ ಹತ್ತಿರವೇ ಕೇಳಲಿ. ಭಟ್ಟರು ನಮ್ಮವರು, ಪಾತ್ರೆ ಛತ್ರದ್ದು. 2007ರಲ್ಲಿ 64 ಬಿಟ್ ಬೇಕು ಅಂತ ಇದರಿಂದ ಮಿಂಗ್‌ಡಬ್ಲ್ಯೂ-ಡಬ್ಲ್ಯೂ64 ಕವಲೊಡೆಯಿತು. ಈಗ ಎಲ್ಲರೂ ಬಳಸುವುದು ಇದನ್ನೇ. ತಮಾಷೆ ಏನೆಂದರೆ, 64 ಬಿಟ್ ಕಂಪೈಲರಿನ ಪೂರ್ತಿ ಹೆಸರಿನ ಕೊನೆಯಲ್ಲಿ ಇವತ್ತಿಗೂ 'ಮಿಂಗ್‌ಡಬ್ಲ್ಯೂ32' ಅಂತಲೇ ಇದೆ. ಮೆಜೆಸ್ಟಿಕ್ ಥಿಯೇಟರ್ ಹೋಗಿ ಎಷ್ಟೋ ಕಾಲವಾಯಿತು, ಕಂಡಕ್ಟರ್ ಇನ್ನೂ ಮೆಜೆಸ್ಟಿಕ್ ಮೆಜೆಸ್ಟಿಕ್ ಅಂತ ಕೂಗುವುದಿಲ್ಲವೇ? ಹಾಗೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಮೊದಲ ಸಲ ವಿಂಡೋಸಿನಲ್ಲೇ ಕಟ್ಟೋಣ ಅಂತ ಗೆಳೆಯನ ಲ್ಯಾಪ್‌ಟಾಪ್ ತಂದು ಎಂಎಸ್‌ವೈಎಸ್2 ಎಂಬ ಟೂಲುಗಳ ಕಟ್ಟು ಹಾಕಿಕೊಂಡೆ. ಒಳ್ಳೆಯ ಸಾಮಾನು ಅದು. ಆರ್ಚ್ ಲಿನಕ್ಸಿನ ಪ್ಯಾಕ್‌ಮ್ಯಾನ್ ಅದರಲ್ಲಿದೆ, ಒಂದು ಸಾಲು ಬರೆದರೆ ಕಂಪೈಲರ್, ಲೈಬ್ರರಿ ಎಲ್ಲ ಇಳಿದು ಬರುತ್ತವೆ. ಆದರೆ ಅದು ಎರಡು ಸಂಸಾರ ಇರುವ ಮನೆ. ಬ್ಯಾಷ್, ಮೇಕ್‌ನಂಥ ಟೂಲುಗಳಿಗೆ ಯೂನಿಕ್ಸ್ ವಾತಾವರಣ ಬೇಕು, ಅವು ಸಿಗ್‌ವಿನ್‌ನಿಂದ ಬಂದ ಒಂದು ಡಿಎಲ್‌ಎಲ್ ಮೇಲೆ ನಿಂತಿವೆ. ಮೇಡಂ ಕಳಿಸಿದ ಫೋಟೋದಲ್ಲಿದ್ದ ಹೆಸರು ಅದರದ್ದೇ. ನಾವು ಕಟ್ಟುವ ಪ್ರೋಗ್ರಾಮಿಗೆ ಅದು ಬೇಡ. ಹಾಗಾಗಿ ಸ್ಟಾರ್ಟ್ ಮೆನುವಿನಲ್ಲಿ ನಾಲ್ಕಾರು ಟರ್ಮಿನಲ್ ಕಾಣುತ್ತವೆ. ಎಂಎಸ್‌ವೈಎಸ್ ಅಂತ ಒಂದು, ಯುಸಿಆರ್‌ಟಿ64 ಅಂತ ಒಂದು, ಇನ್ನೂ ಕೆಲವು. ನಾನು ಹೆಸರು ನೋಡಿ ಎಂಎಸ್‌ವೈಎಸ್‌ದನ್ನೇ ತೆರೆದೆ, ಅಲ್ಲಿನ ಜಿಸಿಸಿಯನ್ನೇ ಹಾಕಿಕೊಂಡು ಕಟ್ಟಿದೆ. ಗೆಳೆಯನ ಮಷಿನ್‌ನಲ್ಲಿ ಚೆನ್ನಾಗಿ ಓಡಿತು. ಓಡದೆ ಏನು, ಬೇಕಾದ ಡಿಎಲ್‌ಎಲ್ ಅಲ್ಲೇ ಇತ್ತಲ್ಲ. ಕಟ್ಟಿದ ಮಷಿನ್‌ನಲ್ಲಿ ಓಡಿತು ಅನ್ನುವುದು ಪರೀಕ್ಷೆಯೇ ಅಲ್ಲ.

ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ಕಟ್ಟಿದ ತಕ್ಷಣ ಆಬ್ಜ್‌ಡಂಪ್ ಎಂಬ ಟೂಲಿಗೆ ಮೈನಸ್ ಪಿ ಕೊಟ್ಟು, ಬಂದದ್ದರಲ್ಲಿ 'ಡಿಎಲ್‌ಎಲ್ ನೇಮ್' ಇರುವ ಸಾಲುಗಳನ್ನು ಮಾತ್ರ ಗ್ರೆಪ್ ಮಾಡಿ ನೋಡುತ್ತೇನೆ. ಚೀಟಿ ಕಣ್ಣ ಮುಂದೆ ಬರುತ್ತದೆ. ಕರ್ನಲ್32, ಯೂಸರ್32, ಎಂಎಸ್‌ವಿಸಿಆರ್‌ಟಿ ಇಷ್ಟೇ ಇದ್ದರೆ ನಿಶ್ಚಿಂತೆ. ಅವೆಲ್ಲ ಛತ್ರದ ಪಾತ್ರೆ, ಯಾವ ವಿಂಡೋಸಿನಲ್ಲೂ ಇರುತ್ತವೆ. 'ಲಿಬ್' ಅಂತ ಶುರುವಾಗುವ ಹೆಸರು ಕಂಡರೆ ಅದು ಹೆಚ್ಚಾಗಿ ನಮ್ಮ ಮನೆಯದು, ಜೊತೆಗೆ ಕಳಿಸಬೇಕು.

ಎರಡನೇ ಸಲ ಆದದ್ದೂ ಅದೇ. ಅಷ್ಟರಲ್ಲಿ ಗೆಳೆಯನ ಲ್ಯಾಪ್‌ಟಾಪ್ ವಾಪಸ್ ಕೊಟ್ಟು ಡೆಬಿಯನ್‌ನಲ್ಲೇ ಕ್ರಾಸ್ ಕಂಪೈಲ್ (ಒಂದು ಸಿಸ್ಟಂನಲ್ಲಿ ಕೂತು ಇನ್ನೊಂದಕ್ಕೆ ಕಟ್ಟುವುದು) ಶುರು ಮಾಡಿದ್ದೆ. ಡೆಬಿಯನ್‌ನಲ್ಲಿ ಸಾಫ್ಟ್‌ವೇರ್ ಇಳಿಸಿಕೊಡುವ ಆಪ್ಟ್‌ನಲ್ಲಿ ಮಿಂಗ್‌ಡಬ್ಲ್ಯೂ-ಡಬ್ಲ್ಯೂ64 ಅಂತ ಕೇಳಿದರೆ ಬರುತ್ತದೆ. ಜಿಸಿಸಿ ಅನ್ನುವ ಕಡೆ ಆ ಉದ್ದ ಹೆಸರಿನ ಜಿಸಿಸಿ ಬರೆದರೆ ಲಿನಕ್ಸಿನಲ್ಲೇ ಇಎಕ್ಸ್‌ಇ ಹುಟ್ಟುತ್ತದೆ. ಲಿನಕ್ಸಿನಲ್ಲಿ ವಿಂಡೋಸ್ ಪ್ರೋಗ್ರಾಮ್ ಓಡಿಸುವ ವೈನ್ ಇದ್ದರೆ ಅಲ್ಲೇ ಓಡಿಸಿಯೂ ನೋಡಬಹುದು. ನನಗೆ ಇದೇ ಹಿಡಿಸಿತು. ಟೂಲುಗಳು ಅವುಗಳ ಊರಿನಲ್ಲೇ ಇರುತ್ತವೆ, ವೇಗವಾಗಿ ಓಡುತ್ತವೆ, ಪ್ರೋಗ್ರಾಮ್ ಮಾತ್ರ ಬೇರೆ ಊರಿಗೆ ಹೋಗುತ್ತದೆ.

ಟೇಬಲ್ ಹುಡುಕಲು ಸುಲಭ ಅಂತ ಕೋಡಿನ ಒಂದು ಭಾಗವನ್ನು ಸಿ++ಗೆ ತಿರುಗಿಸಿದ್ದೆ. ಚೀಟಿಗೆ ಎರಡು ಹೊಸ ಹೆಸರು ಸೇರಿದವು, ಒಂದು ಸಿ++ ಲೈಬ್ರರಿ, ಇನ್ನೊಂದು ಜಿಸಿಸಿಯ ಸಹಾಯಕ ಲೈಬ್ರರಿ. ನೋಡದೆ ಕಳಿಸಿದೆ. ಅಭ್ಯಾಸ ಅಂದೆನಲ್ಲ, ನಿಜ ಹೇಳಬೇಕೆಂದರೆ ಅದು ಗಟ್ಟಿಯಾದದ್ದು ಈ ಎರಡನೇ ಫೋನ್ ಆದಮೇಲೆ. ಪರಿಹಾರ ಸುಲಭ. ಲಿಂಕ್ ಮಾಡುವಾಗ ಮೈನಸ್ ಸ್ಟ್ಯಾಟಿಕ್ ಅಂತ ಸೇರಿಸಿದರೆ ಆ ಲೈಬ್ರರಿಗಳು ಇಎಕ್ಸ್‌ಇ ಒಳಗೇ ಹೋಗಿ ಕೂರುತ್ತವೆ. ಟೆಂಪೋದಲ್ಲಿ ನಮ್ಮ ಪಾತ್ರೆ ನಾವೇ ತಂದ ಹಾಗೆ. ಫೈಲ್ ದಪ್ಪವಾಗುತ್ತದೆ, ಆಗಲಿ. ಹೀಗೆ ಒಳಗೆ ಸೇರಿಸಿದರೆ ಕೋಡ್ ತೆರೆದಿಡಬೇಕು ಎನ್ನುವ ಜಿಪಿಎಲ್ ಲೈಸೆನ್ಸ್ ನಮ್ಮ ಪ್ರೋಗ್ರಾಮಿಗೂ ಅಂಟಿಬಿಡುತ್ತಾ ಅಂತ ಕೆಲವರಿಗೆ ಭಯ. ಆಗುವುದಿಲ್ಲ. ಜಿಸಿಸಿಯ ರನ್‌ಟೈಮ್ ಲೈಬ್ರರಿಗಳಿಗೆ ಇದಕ್ಕೆಂದೇ ಒಂದು ವಿನಾಯಿತಿ ಬರೆದಿಟ್ಟಿದ್ದಾರೆ.

ಎಂಎಸ್‌ವಿಸಿಆರ್‌ಟಿ ಅಂದೆನಲ್ಲ, ಅದರ ಬಗ್ಗೆ ಎರಡು ಮಾತು. ಪಠ್ಯ ಬರೆಸುವ ಪ್ರಿಂಟ್‌ಎಫ್, ಫೈಲ್ ತೆರೆಯುವ ಎಫ್‌ಓಪನ್ ಇವೆಲ್ಲ ಎಲ್ಲೋ ಒಂದು ಕಡೆ ಇರಬೇಕು. ಲಿನಕ್ಸಿನಲ್ಲಿ ಜಿಲಿಬ್‌ಸಿ ಒಳಗಿವೆ. ಮಿಂಗ್‌ಡಬ್ಲ್ಯೂ ತನ್ನದೇ ಸಿ ಲೈಬ್ರರಿ ಬರೆಯಲಿಲ್ಲ, ವಿಂಡೋಸಿನಲ್ಲಿ ಆಗಲೇ ಇದ್ದ ಈ ಡಿಎಲ್‌ಎಲ್ ಮೇಲೆ ಒರಗಿಕೊಂಡಿತು. ಅದು ಹಳೆಯ ಸಾಮಾನು. ಹೊಸದು ಯುಸಿಆರ್‌ಟಿ, 2015ರ ವಿಷುಯಲ್ ಸ್ಟುಡಿಯೋ ಜೊತೆ ಬಂದದ್ದು. ವಿಂಡೋಸ್ 10ರಲ್ಲಿ ಅದು ಮೊದಲಿನಿಂದಲೇ ಇದೆ, ವಿಂಡೋಸ್ 7ರಲ್ಲಿ ಅಪ್‌ಡೇಟ್ ಹಾಕಿದ್ದರೆ ಮಾತ್ರ ಇದೆ. ಹೊಸದಾಗಿ ಶುರು ಮಾಡುವವರು ಯುಸಿಆರ್‌ಟಿಯನ್ನೇ ಆರಿಸಿಕೊಳ್ಳಿ. ನನ್ನ ಅಂಗಡಿಯ ವಿಂಡೋಸ್ 7 ಮಷಿನ್‌ಗಳಲ್ಲಿ ಯಾರು ಯಾವಾಗ ಏನು ಅಪ್‌ಡೇಟ್ ಹಾಕಿದ್ದರೋ ದೇವರೇ ಬಲ್ಲ. ಅದಕ್ಕೇ ಹಳೆಯದರಲ್ಲೇ ಉಳಿದೆ.

ಮೂರನೇ ಸಲ ಪ್ರೋಗ್ರಾಮ್ ಓಡಿತು. ಆದರೆ ಒಂದು ವಾರ್ಷಿಕ ವರದಿ ಅರ್ಧಕ್ಕೇ ನಿಂತಿತು. ತಪ್ಪು ಸಂದೇಶ ಇಲ್ಲ, ಏನಿಲ್ಲ. ಅಧ್ಯಕ್ಷರ ಮಾತು ಮುಗಿದು ಖಜಾಂಚಿಯ ಲೆಕ್ಕ ಶುರುವಾಗುವಲ್ಲಿಗೆ ಫೈಲ್ ಮುಗಿದುಹೋಗಿತ್ತು. (ನಗು.) ಅದೇ ಕೋಡ್ ಲಿನಕ್ಸಿಗೆ ಕಂಪೈಲ್ ಮಾಡಿದರೆ ಪೂರ್ತಿ ಓದುತ್ತದೆ. ಬೈಟ್ ಬೈಟ್ ನೋಡಿದಾಗ ನಿಂತ ಜಾಗದಲ್ಲಿ ಇದ್ದದ್ದು 26 ಎಂಬ ಸಂಖ್ಯೆ. ಕಂಟ್ರೋಲ್-ಝಡ್. ಡಾಸ್ ಕಾಲದಲ್ಲಿ, ಅದಕ್ಕೂ ಹಿಂದಿನ ಸಿಪಿಎಂ ಕಾಲದಲ್ಲಿ, ಇದು 'ಪಠ್ಯ ಮುಗಿಯಿತು' ಎನ್ನುವ ಗುರುತು. ವಿಂಡೋಸಿನ ಸಿ ಲೈಬ್ರರಿ ಫೈಲನ್ನು ಟೆಕ್ಸ್ಟ್ ಮೋಡ್‌ನಲ್ಲಿ ತೆರೆದರೆ ಇವತ್ತಿಗೂ ಅದಕ್ಕೆ ಮರ್ಯಾದೆ ಕೊಡುತ್ತದೆ. ಬಹುಶಃ ಎರಡು ಹಳೆಯ ಫೈಲುಗಳನ್ನು ಯಾರೋ ಒಂದರ ಹಿಂದೆ ಒಂದು ಅಂಟಿಸಿದ್ದರು, ಮೊದಲನೆಯದರ ಕೊನೆಯ ಗುರುತು ನಡುವೆ ಉಳಿದಿತ್ತು. ಎಫ್‌ಓಪನ್‌ಗೆ ಕೊಡುವ 'ಆರ್' ಪಕ್ಕದಲ್ಲಿ ಒಂದು 'ಬಿ' ಸೇರಿಸಿ ಬೈನರಿ ಮಾಡಿದೆ, ಸರಿಹೋಯಿತು. ಬರೆಯುವ ಕಡೆಯೂ ಬೈನರಿ ಮಾಡಿದೆ. ಅದರ ಫಲ ಮರುದಿನ ಬಂತು: "ಸಾರ್, ನೋಟ್‌ಪ್ಯಾಡಲ್ಲಿ ಎಲ್ಲಾ ಒಂದೇ ಸಾಲು!" ಸಾಲು ಮುಗಿಯಲು ಲಿನಕ್ಸಿಗೆ ಒಂದು ಗುರುತು ಸಾಕು, ವಿಂಡೋಸಿಗೆ ಎರಡು ಬೇಕು. ಒಂದೇ ಗುರುತಿನ ಫೈಲನ್ನು ನೋಟ್‌ಪ್ಯಾಡ್ ಸರಿಯಾಗಿ ತೋರಿಸಲು ಕಲಿತದ್ದು ವಿಂಡೋಸ್ 10ರ 1809 ಆವೃತ್ತಿಯಲ್ಲಿ, ಅಂದರೆ 2018ರಲ್ಲಿ. ಅಂಗಡಿಯ 7ಕ್ಕೆ ಆ ಭಾಗ್ಯವಿಲ್ಲ. ಎರಡನೇ ಗುರುತನ್ನು ಕೈಯಾರೆ ಬರೆದೆ.

ಇಷ್ಟು ಹೊತ್ತಿಗೆ ಕಾಫಿ ಬಂತು. ಕುಡಿದ ಮೇಲೆ ಹೇಳಿದ್ದು ಮುಂದಿನದು. ನನಗೆ ಇದೇ ಮುಖ್ಯ.

ನಾಲ್ಕನೇ ಕರೆ: "ಸಾರ್, ಕೆಲವು ಫೈಲ್ ಆಗುತ್ತೆ, ಕೆಲವು ಆಗಲ್ಲ. ಫೈಲ್ ಸಿಗ್ತಿಲ್ಲ ಅನ್ನುತ್ತೆ. ಕಣ್ಮುಂದೇನೇ ಇದೆ!" ಹೋಗಿ ನೋಡಿದೆ. ಆಗುವ ಫೈಲುಗಳ ಹೆಸರು ಇಂಗ್ಲಿಷಿನಲ್ಲಿತ್ತು. ಆಗದೇ ಇದ್ದದ್ದು ಕನ್ನಡದಲ್ಲಿ: 'ಆಮಂತ್ರಣ'. ಕನ್ನಡದ ಕನ್ವರ್ಟರ್ ಬರೆದ ನಾನು, ಒಂದು ತಿಂಗಳು 'ಟೆಸ್ಟ್1', 'ಟೆಸ್ಟ್2' ಎಂಬ ಫೈಲುಗಳಲ್ಲೇ ಪರೀಕ್ಷೆ ಮಾಡಿಕೊಂಡು ಕೂತಿದ್ದೆ. ಕನ್ನಡದಲ್ಲಿ ಹೆಸರಿಟ್ಟವರು ಅವರು.

ಪ್ರೋಗ್ರಾಮಿನ ಕೈಗೆ ಬಂದ ಹೆಸರನ್ನು ಬೈಟ್ ಬೈಟ್ ಆಗಿ ಬರೆಸಿ ನೋಡಿದೆ. ಏಳು ಪ್ರಶ್ನಾರ್ಥಕ ಚಿಹ್ನೆ. ಆಮಂತ್ರಣ ಕಣ್ಣಿಗೆ ನಾಲ್ಕು ಅಕ್ಷರ. ಯೂನಿಕೋಡಿನಲ್ಲಿ ಎಣಿಸಿ: ಆ, ಮ, ಸೊನ್ನೆ, ತ, ಅರ್ಧಾಕ್ಷರದ ಗುರುತು, ರ, ಣ. ಏಳು. ಒಂದೊಂದಕ್ಕೂ ಒಂದೊಂದು ಪ್ರಶ್ನೆ. ವಿಂಡೋಸಿನಲ್ಲಿ ಫೈಲ್ ಹೆಸರಿನೊಳಗೆ ಪ್ರಶ್ನಾರ್ಥಕ ಚಿಹ್ನೆ ಇಡುವಂತೆಯೇ ಇಲ್ಲ. ಹಾಗಾಗಿ ಅಂಥ ಹೆಸರಿನ ಫೈಲ್ ಎಲ್ಲಿಯೂ ಸಿಗುವುದಿಲ್ಲ.

ಹೀಗೇಕೆ? ವಿಂಡೋಸ್ ಎನ್‌ಟಿ 1993ರಲ್ಲಿ ಹೊರಬಂತು. ಆಗ ಯೂನಿಕೋಡ್ ಅಂದರೆ ಒಂದು ಅಕ್ಷರಕ್ಕೆ 16 ಬಿಟ್ ಅಂತ ಎಲ್ಲರೂ ನಂಬಿದ್ದರು. ಅದನ್ನೇ ಬುಡಕ್ಕೆ ಹಾಕಿದರು. ಇವತ್ತಿಗೂ ವಿಂಡೋಸಿನ ಒಳಗೆ ಫೈಲ್ ಹೆಸರುಗಳು 16 ಬಿಟ್ ಲೆಕ್ಕದಲ್ಲೇ ಇವೆ. 'ಕನ್ನಡ' ಅಲ್ಲಿ 10 ಬೈಟ್. ಯೂನಿಕ್ಸಿನವರು ಯೂನಿಕೋಡನ್ನು ಬೈಟುಗಳ ಸಾಲಾಗಿ ಬರೆಯುವ ಯುಟಿಎಫ್-8 ಹಿಡಿದರು, ಅದನ್ನು 1992ರಲ್ಲಿ ರೂಪಿಸಿದವರು ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್. 'ಕನ್ನಡ' ಇಲ್ಲಿ 15 ಬೈಟ್. ಐದು ಬೈಟ್ ಜಾಸ್ತಿ ಹೋಯಿತು, ಆದರೆ ಹಳೆಯ ಸಿ ಕೋಡನ್ನು ಹೆಚ್ಚು ಮುಟ್ಟಬೇಕಾಗಲಿಲ್ಲ. ಬೈಟುಗಳ ಸಾಲು ಅಂತ ತಿಳಿದು ಹೆಸರನ್ನು ಒಂದು ಕಡೆಯಿಂದ ಇಸಕೊಂಡು ಇನ್ನೊಂದು ಕಡೆ ಕೊಟ್ಟರೆ ಆಯಿತು.

ವಿಂಡೋಸಿನಲ್ಲಿ ಹಾಗಲ್ಲ. ಪಠ್ಯ ತೆಗೆದುಕೊಳ್ಳುವ ಫಂಕ್ಷನ್‌ಗಳು ಹೆಚ್ಚಾಗಿ ಜೋಡಿ ಜೋಡಿ. ಹೆಸರಿನ ಕೊನೆಯಲ್ಲಿ 'ಎ' ಇರುವುದು ಒಂದು, 'ಡಬ್ಲ್ಯೂ' ಇರುವುದು ಇನ್ನೊಂದು. ಡಬ್ಲ್ಯೂ ಅಂದರೆ 16 ಬಿಟ್‌ದು, ಎಲ್ಲ ಲಿಪಿಯೂ ಹಿಡಿಸುತ್ತದೆ. ಎ ಅಂದರೆ ಆ ಮಷಿನ್‌ನ ಕೋಡ್ ಪೇಜ್, ಅಂದರೆ ಅಕ್ಷರಗಳ ಹಳೆಯ ಪಟ್ಟಿ, ಒಂದೊಂದು ಪ್ರದೇಶಕ್ಕೆ ಒಂದೊಂದು. ನಮ್ಮಲ್ಲಿ ಮಾರುವ ಮಷಿನ್‌ಗಳಲ್ಲಿ ಸಾಮಾನ್ಯವಾಗಿ ಇರುವುದು 1252, ಪಶ್ಚಿಮ ಯುರೋಪಿನದು. ಫ್ರೆಂಚ್, ಜರ್ಮನ್ ಎಲ್ಲ ಅದರಲ್ಲಿ ಹಿಡಿಸುತ್ತವೆ. ಪ್ರೋಗ್ರಾಮ್ ಶುರುವಾಗುವ ಫಂಕ್ಷನ್ನಿಗೆ ಬರೀ 'ಮೇನ್' ಅಂತ ಬರೆದು, ಎಫ್‌ಓಪನ್ ಅಂತ ಕರೆದರೆ ನಾವು ಎ ಕಡೆಯ ಬಾಗಿಲಿಗೆ ಹೋಗಿ ನಿಂತ ಹಾಗೆ. ಲೈಬ್ರರಿ 16 ಬಿಟ್ ಹೆಸರನ್ನು 1252ಕ್ಕೆ ತಿರುಗಿಸುತ್ತದೆ. ಅಲ್ಲಿ ಕನ್ನಡಕ್ಕೆ ಜಾಗವಿಲ್ಲ. ಜಾಗ ಸಿಗದ ಅಕ್ಷರಕ್ಕೆಲ್ಲ ಪ್ರಶ್ನಾರ್ಥಕ ಚಿಹ್ನೆ ಒತ್ತುತ್ತದೆ.

ಜಪಾನಿನವರೋ ರಷ್ಯಾದವರೋ ಆಗಿದ್ದರೆ ಮಷಿನ್‌ನ ಕೋಡ್ ಪೇಜನ್ನು ತಮ್ಮ ಭಾಷೆಗೆ ಬದಲಾಯಿಸಿಕೊಂಡು ಬಚಾವಾಗುತ್ತಿದ್ದರು. ಆ ಕೋಡ್ ಪೇಜುಗಳು ಇವೆ. ಕನ್ನಡಕ್ಕೆ ಅಂಥ ಕೋಡ್ ಪೇಜ್ ವಿಂಡೋಸಿನಲ್ಲಿ ಇಲ್ಲವೇ ಇಲ್ಲ. 57008 ಅಂತ ಕನ್ನಡ ಇಸ್ಕಿಗೆ (ಭಾರತೀಯ ಲಿಪಿಗಳ ಹಳೆಯ ಸಂಕೇತ ಪದ್ಧತಿ) ಒಂದು ನಂಬರ್ ಏನೋ ಕೊಟ್ಟಿದ್ದಾರೆ, ಅದು ಪಠ್ಯ ಪರಿವರ್ತನೆಗೆ ಮಾತ್ರ, ಫೈಲ್ ಹೆಸರಿಗೆ ಉಪಯೋಗಕ್ಕೆ ಬಾರದು. ಕನ್ನಡ ವಿಂಡೋಸಿಗೆ ಬಂದದ್ದು ಯೂನಿಕೋಡ್ ಬಾಗಿಲಿನಿಂದ, ಆ ಬಾಗಿಲಿನಲ್ಲೇ ಓಡಾಡಬೇಕು. ಹಾಗಾಗಿ ಬೇರೆ ದೇಶದವರು ಬರೆದ ಎಷ್ಟೋ ಸಣ್ಣ ಟೂಲುಗಳು ಅವರಲ್ಲಿ ಓಡುತ್ತವೆ, ಇಲ್ಲಿ ಕನ್ನಡ ಹೆಸರು ಕಂಡ ಕೂಡಲೇ ಬಾಯಿ ಬಿಡುತ್ತವೆ. ಬರೆದವರಿಗೆ ಅದು ಗೊತ್ತಾಗುವುದೂ ಇಲ್ಲ.

ಇದಕ್ಕೆ ಎರಡು ದಾರಿ ಇವೆ. ಒಂದು ಹೊಸದು. ವಿಂಡೋಸ್ 10ರ 1903 ಆವೃತ್ತಿಯಿಂದ, ಮ್ಯಾನಿಫೆಸ್ಟ್ ಎಂಬ ಒಂದು ಪುಟ್ಟ ಎಕ್ಸ್‌ಎಂಎಲ್ ಚೀಟಿಯಲ್ಲಿ 'ನನ್ನ ಕೋಡ್ ಪೇಜ್ ಯುಟಿಎಫ್-8' ಅಂತ ಬರೆದು ಇಎಕ್ಸ್‌ಇ ಒಳಗೆ ಇಡಬಹುದು. ಒಳಗಿಡಲು ವಿಂಡ್‌ರೆಸ್ ಎಂಬ ಗ್ನೂ ಟೂಲ್ ಇದೆ. ಅಷ್ಟು ಮಾಡಿದರೆ ಬರೀ ಎಫ್‌ಓಪನ್ ಕೂಡ ಕನ್ನಡ ಹೆಸರು ತೆರೆಯುತ್ತದೆ. ಲಿನಕ್ಸ್ ಕೋಡನ್ನು ತರುವವರಿಗೆ ಇದಕ್ಕಿಂತ ಸುಖ ಇಲ್ಲ. ಆದರೆ ನನ್ನ ಗಿರಾಕಿ ವಿಂಡೋಸ್ 7. ಹಾಗಾಗಿ ಹಳೆಯ ದಾರಿ: ಮೇನ್ ಬದಲು ಡಬ್ಲ್ಯೂಮೇನ್, ಎಫ್‌ಓಪನ್ ಬದಲು ಡಬ್ಲ್ಯೂಎಫ್‌ಓಪನ್, ಲಿಂಕ್ ಮಾಡುವಾಗ ಮೈನಸ್ ಎಂಯುನಿಕೋಡ್. ಲಿನಕ್ಸಿಗೂ ವಿಂಡೋಸಿಗೂ ಕೋಡ್ ಬೇರೆಯಾದದ್ದು ಈ ಒಂದು ಜಾಗದಲ್ಲಿ, ಸುಮಾರು ಇಪ್ಪತ್ತು ಸಾಲು. ಇಲ್ಲೊಂದು ಹಳ್ಳ ಇದೆ, ನೋಡಿಕೊಳ್ಳಿ. ಡಬ್ಲ್ಯೂಚಾರ್-ಟಿ ಎಂಬ ಅಗಲ ಅಕ್ಷರ ವಿಂಡೋಸಿನಲ್ಲಿ 2 ಬೈಟ್, ಲಿನಕ್ಸಿನಲ್ಲಿ 4. ಹಾಗೆಯೇ 'ಲಾಂಗ್' ಎಂಬ ಪೂರ್ಣಾಂಕ 64 ಬಿಟ್ ಲಿನಕ್ಸಿನಲ್ಲಿ 8 ಬೈಟ್, 64 ಬಿಟ್ ವಿಂಡೋಸಿನಲ್ಲೂ 4 ಬೈಟೇ.

ಸಂದೇಶಗಳದ್ದು ಇನ್ನೊಂದು ಗೋಳು. ಕಪ್ಪು ಕಿಟಕಿಯಲ್ಲಿ ಕನ್ನಡ ಬರೆಸಲು ಕೋಡ್ ಪೇಜ್ 65001, ಅಂದರೆ ಯುಟಿಎಫ್-8, ಮಾಡಿ ನೋಡಿದೆ. ಹಳೆಯ ಕನ್ಸೋಲ್‌ನಲ್ಲಿ ಒತ್ತಕ್ಷರ ಕೂಡಿಕೊಳ್ಳಲಿಲ್ಲ. ಕೊನೆಗೆ ಕನ್ಸೋಲ್ ಬಿಟ್ಟು ಮೆಸೇಜ್‌ಬಾಕ್ಸ್ ಡಬ್ಲ್ಯೂ ಕರೆದೆ. ಸಣ್ಣ ಪೆಟ್ಟಿಗೆಯಲ್ಲಿ 'ಫೈಲ್ ಪರಿವರ್ತನೆ ಮುಗಿಯಿತು' ಅಂತ ಅಚ್ಚುಕಟ್ಟಾಗಿ ಬಂತು. ಮೇಡಂ ಮೊದಲ ಸಲ "ಚೆನ್ನಾಗಿದೆ ಸಾರ್" ಅಂದದ್ದು ಅದಕ್ಕೆ. ಅಷ್ಟು ಕಷ್ಟಪಟ್ಟ ಅರ್ಕಾವತ್ತಿಗೆ ಅಲ್ಲ.

ಒಂದು ಚಿಲ್ಲರೆ ವಿಷಯ. ಮೆಸೇಜ್‌ಬಾಕ್ಸಿಗಾಗಿ ಒಂದು ಕಡೆಯಿಂದ ನಕಲು ಮಾಡಿದ ಮಾದರಿಯಲ್ಲಿ 'ವಿಂಡೋಸ್ ಡಾಟ್ ಎಚ್' ಹೆಡರಿನ ಮೊದಲಕ್ಷರ ದೊಡ್ಡದಿತ್ತು. ವಿಂಡೋಸಿನಲ್ಲಿ ದೊಡ್ಡದೂ ಒಂದೇ ಚಿಕ್ಕದೂ ಒಂದೇ. ಡೆಬಿಯನ್ ಅಂಥ ಫೈಲೇ ಇಲ್ಲ ಅಂತು, ಮಿಂಗ್‌ಡಬ್ಲ್ಯೂನವರು ಹೆಸರನ್ನು ಚಿಕ್ಕಕ್ಷರದಲ್ಲಿ ಇಟ್ಟಿದ್ದಾರೆ. ನಮ್ಮ ಲಿಪಿಗೆ ಈ ರಗಳೆ ಇಲ್ಲ, ಪುಣ್ಯ.

ಅಂಗಡಿಯ ಆಂಟಿವೈರಸ್ ಒಂದು ದಿನ ನನ್ನ ಇಎಕ್ಸ್‌ಇಯನ್ನು ಹಿಡಿದು ಕೂಡಿಹಾಕಿತು. ಸಣ್ಣ ಫೈಲ್, ಸಹಿ ಇಲ್ಲ, ಬೇರೆ ಯಾರೂ ಬಳಸುತ್ತಿಲ್ಲ. ಅನುಮಾನಕ್ಕೆ ಅಷ್ಟು ಸಾಕು. ಕೋಡ್ ಸಹಿ ಮಾಡಲು ಸರ್ಟಿಫಿಕೇಟ್ ಕೊಳ್ಳಬೇಕು, ಪುಕ್ಕಟೆ ಬರೆದುಕೊಟ್ಟ ಟೂಲಿಗೆ ಅದು ಆಗದ ಖರ್ಚು. ಆ ಫೋಲ್ಡರನ್ನು ಬಿಟ್ಟುಬಿಡು ಅಂತ ಆಂಟಿವೈರಸ್ಸಿಗೆ ಹೇಳಿ ಬಂದೆ. ಒಳ್ಳೆಯ ಉತ್ತರ ಅಲ್ಲ, ನನ್ನ ಹತ್ತಿರ ಬೇರೆ ಇರಲಿಲ್ಲ.

ಪ್ರಶ್ನೆಗಳ ಹೊತ್ತಿನಲ್ಲಿ ಒಬ್ಬರು ಕೇಳಿದರು: ವಿಷುಯಲ್ ಸ್ಟುಡಿಯೋದ ಕಮ್ಯೂನಿಟಿ ಆವೃತ್ತಿ ಪುಕ್ಕಟೆ ಸಿಗುತ್ತಲ್ಲ, ಇಷ್ಟೆಲ್ಲ ಯಾಕೆ? ವಿಂಡೋಸಿನಲ್ಲೇ ಕೂತು ವಿಂಡೋಸಿಗಷ್ಟೇ ಬರೆಯುವವರು ಅದನ್ನೇ ಬಳಸಲಿ, ನನ್ನ ತಕರಾರಿಲ್ಲ. ನನ್ನ ಹತ್ತಿರ ವಿಂಡೋಸ್ ಮಷಿನ್ ಇಲ್ಲ. ಒಂದೇ ಮೇಕ್‌ಫೈಲ್‌ನಿಂದ ಎರಡು ಕಡೆಗೂ ಕಟ್ಟಬೇಕು. ಕಂಪೈಲರ್‌ನ ಹೊಟ್ಟೆಯೊಳಗೆ ಏನಿದೆ ಅಂತ ಬೇಕಾದಾಗ ನೋಡಲೂಬೇಕು.

ಇನ್ನೊಬ್ಬರು, ಮೈಕ್ರೋಸಾಫ್ಟ್ ಕಂಪೈಲರಿನಲ್ಲಿ ಕಟ್ಟಿದ ಲೈಬ್ರರಿಯನ್ನು ಇದರ ಜೊತೆ ಸೇರಿಸಬಹುದಾ ಅಂತ ಕೇಳಿದರು. ಸಿ ಭಾಷೆಯ ಡಿಎಲ್‌ಎಲ್ ಆದರೆ ಧಾರಾಳವಾಗಿ. ಸಿ++ ಆದರೆ ಬೇಡ. ಇಬ್ಬರೂ ಫಂಕ್ಷನ್ ಹೆಸರುಗಳನ್ನು ಒಳಗೆ ಬೇರೆ ಬೇರೆ ರೀತಿ ತಿರುಚುತ್ತಾರೆ, ಒಬ್ಬರದು ಇನ್ನೊಬ್ಬರಿಗೆ ಸಿಗುವುದಿಲ್ಲ.

ಕೊನೆಗೆ ಒಬ್ಬ ವಿದ್ಯಾರ್ಥಿನಿ ಕೇಳಿದರು: ಈಗ ಅಂಗಡಿಯಲ್ಲಿ ಎಲ್ಲಾ ಸರಿ ಇದೆಯಾ ಸರ್?

ಹೋದ ವಾರ ಮತ್ತೆ ಫೋನ್ ಬಂತು. ಮೂಲೆಯಲ್ಲಿ ಇನ್ನೊಂದು ಮಷಿನ್ ಇದೆಯಂತೆ, ಅದರಲ್ಲಿ ಓಡುತ್ತಿಲ್ಲವಂತೆ. ವಿಂಡೋಸ್ 7ರ 32 ಬಿಟ್ ಆವೃತ್ತಿ. ನಾನು ಕೊಟ್ಟದ್ದು 64 ಬಿಟ್. ಇದಕ್ಕೆ ಮಾತ್ರ ತಲೆ ಕೆಡಿಸಿಕೊಳ್ಳಲಿಲ್ಲ. ಕಂಪೈಲರಿನ ಉದ್ದ ಹೆಸರಿನ ಮೊದಲ ತುಂಡಿನಲ್ಲಿ 'ಎಕ್ಸ್86 64' ತೆಗೆದು 'ಐ686' ಅಂತ ಬರೆದೆ. ಕಟ್ಟಿದೆ. ಚೀಟಿ ನೋಡಿದೆ. ಕರ್ನಲ್32, ಎಂಎಸ್‌ವಿಸಿಆರ್‌ಟಿ, ಯೂಸರ್32, ಮೂರೇ. ಊಟಕ್ಕೆ ಮುಂಚೆ ಕಳಿಸಿದೆ. ಸಂಜೆ ಮೇಡಂ ಒಂದು ಗೃಹಪ್ರವೇಶದ ಕಾರ್ಡಿನ ಫೋಟೋ ಕಳಿಸಿದರು. 'ಸೂರ್ಯ' ಸರಿಯಾಗಿ ಬಂದಿತ್ತು. 'ಹಾರ್ದಿಕ ಸ್ವಾಗತ'ದಲ್ಲಿ ಮಾತ್ರ ಅರ್ಕಾವತ್ತು ಜಾಗ ತಪ್ಪಿ ಗುಡಿಸಿನ ಹಿಂದೆ ಹೋಗಿ ಕೂತಿತ್ತು. ಅದು ವಿಂಡೋಸಿನದೂ ಅಲ್ಲ, ಜಿಸಿಸಿಯದೂ ಅಲ್ಲ, ನನ್ನದೇ ಟೇಬಲ್ಲಿನ ತಪ್ಪು. ಇವತ್ತು ಮನೆಗೆ ಹೋಗಿ ಅದನ್ನು ಸರಿ ಮಾಡಬೇಕು.